ನಕ್ಷತ್ರದ ಫೈಲಿನಲ್ಲಿ ಆಯಿಯ ಗಡಿಯಾರ

ಇಳಕಲ್ಲಿನ ನಮ್ಮ ಮನೆಯಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗಳು ಸುಶ್ಮಿತಾ ಬಂದು ಒಲೆಯ ಪಕ್ಕ ಕುಳಿತಳು. ಮುಖ ಸಣ್ಣದಾಗಿತ್ತು.

"ಅವ್ವಾ, ನನ್ನ ಚಿತ್ರ ಒಂದೂ ತಗೊಳ್ಳಂಗಿಲ್ಲಂತ."

ಬಾಗಲಕೋಟೆಯ ಕಾಲೇಜಿನ ಟೆಲಿಸ್ಕೋಪ್ ಒಯ್ದು, ಬಾದಾಮಿಯ ನನ್ನ ತವರುಮನೆಯ ಮಾಳಿಗೆಯಿಂದ ಅವಳು ಒಂದು ನಕ್ಷತ್ರದ ಬೆಳಕು ಕುಂದಿ ಮತ್ತೆ ಏರುವುದನ್ನು ಸಾಲಾಗಿ ಚಿತ್ರ ಹಿಡಿದಿದ್ದಳು. ಬೇರೆ ಊರಿನ ಹುಡುಗರು ಹಿಡಿದ ಚಿತ್ರಗಳ ಜೊತೆ ಅವನ್ನು ಕೂಡಿಸುವುದಿತ್ತು. ಆದರೆ ಅದೇ ನಕ್ಷತ್ರ ಉಳಿದವರ ಚಿತ್ರಗಳಿಗಿಂತ ಇವಳ ಚಿತ್ರಗಳಲ್ಲಿ ತಡವಾಗಿ ಕುಂದಿತ್ತು. ಸಂಜೆಯೊಳಗೆ ಸರಿಪಡಿಸದಿದ್ದರೆ ಬಿಟ್ಟುಬಿಡುತ್ತೇವೆ ಎಂದು ಚಿತ್ರ ಕೂಡಿಸುವವರಿಂದ ಸಂದೇಶ ಬಂದಿತ್ತು.

ಅವಳ ಕಣ್ಣು ಗೋಡೆಯ ಗಡಿಯಾರದ ಮೇಲೆ ನಿಂತಿತು.

"ಆಯೀ! ನಿನ್ನ ಗಡಿಯಾರ ಎಷ್ಟ ಮುಂದ ಐತಿ?"

ನನ್ನ ಅತ್ತೆ ಲಕ್ಕವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. "ಮುಂದ ಇಟ್ಟೇನಿ ಅಂತನ ಈ ಮನ್ಯಾಗ ಯಾರಿಗೂ ಹುನಗುಂದದ ಬಸ್ ತಪ್ಪಿಲ್ಲ."

ಬಾದಾಮಿಗೆ ಹೊರಟ ದಿನ, ಬಸ್ಸಿನ ಅವಸರದಲ್ಲಿ, ಸುಶ್ಮಿತಾ ತನ್ನ ಹಳೆಯ ಲ್ಯಾಪ್‌ಟಾಪಿನ ಹೊತ್ತನ್ನು ಅದೇ ಗಡಿಯಾರ ನೋಡಿ ಹೊಂದಿಸಿದ್ದಳು. ಚಿತ್ರಗಳ ಮೇಲೆ ಬಿದ್ದದ್ದು ಅದೇ ಹೊತ್ತು; ಲ್ಯಾಪ್‌ಟಾಪು ಇನ್ನೂ ಹಾಗೆಯೇ ಮುಂದೆ ಓಡುತ್ತಿತ್ತು. ಪಕ್ಕದಲ್ಲಿ ಮೊಬೈಲ್ ಇಟ್ಟು ಅಂತರ ಅಳೆದಳು.

"ಮತ್ತ ಚಿತ್ರ ತಗೀಬೇಕೇನ?" ಎಂದೆ.

"ಚಿತ್ರ ಮುಟ್ಟೂದ ಬ್ಯಾಡವ್ವ. ಪ್ರತಿ ಫೈಲಿನ ತಲಿಮ್ಯಾಲ ಹೆಡರ್ ಅಂತ ಇರತೈತಿ. ಎಲ್ಲಿ ತಗದದ್ದು, ಯಾವಾಗ ತಗದದ್ದು ಅಂತ. ಅದರಾಗಿನ ಹೊತ್ತಷ್ಟ ತಿದ್ದಬೇಕು. ನೂರಾರು ಫೈಲು, ಕೈಲೆ ಆಗೂದಿಲ್ಲ. ಕೋಡ್ ಬರೀತೇನಿ."

ಮೊದಲು ಎಲ್ಲ ಫೈಲುಗಳ ನಕಲು ಮಾಡಿಟ್ಟಳು. ಕೋಡ್ ಓಡಿತು, ಮುಗಿಯಿತು ಎಂದಿತು. ಫೈಲು ತೆರೆದರೆ ಹಳೆಯ ಹೊತ್ತೇ! ಮತ್ತೆ ಓಡಿಸಿದಳು. ಮತ್ತೆ ಅದೇ.

"ಸುಳ್ಳ ಹೇಳಾಕತ್ತೈತಿ ಇದು!"

ನಾನು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಮುಂದಿಟ್ಟೆ. ಅರ್ಧ ತಿಂದವಳು ಹಣೆ ಬಡಿದುಕೊಂಡು ನಕ್ಕಳು.

"ಅವ್ವಾ, ಫೈಲು ಓದಾಕಷ್ಟ ತಗದೇನಿ, ತಿದ್ದಾಕ ತಗದ ಇಲ್ಲ! ತಿದ್ದಿದ್ದು ಫೈಲಿಗೆ ಇಳಿದಿಲ್ಲ."

ಕೋಡಿನಲ್ಲಿ ಒಂದೇ ಪದ ಸೇರಿಸಿದಳು. ಓಡಿಸಿದಳು. ಮೊದಲ ಫೈಲು ಸರಿ. ನಡುವಿನದೊಂದು ಸರಿ. ಕೊನೆಯದೂ ಸರಿ. ಕಳಿಸುವ ಮುನ್ನ ಪ್ರತಿ ಹೆಡರಿಗೆ ಇನ್ನೊಂದು ಸಾಲು ಹಾಕಿ, ಅತ್ತೆಗೆ ಓದಿ ಹೇಳಿದಳು: "ಇಳಕಲ್ಲಿನ ನಮ್ಮ ಮನೆಯ ಗಡಿಯಾರ ಮುಂದಿತ್ತು, ಹೊತ್ತು ತಿದ್ದಲಾಗಿದೆ." ಆಮೇಲೆ ಅಂದಳು, "ತಿದ್ದಿದ್ದು ಮುಚ್ಚಿಡಬಾರ್ದು ಆಯೀ."

ದೀಪ ಹಚ್ಚುವ ಮೊದಲೇ ಉತ್ತರ ಬಂತು. ಅವಳ ಚಿತ್ರಗಳು ಉಳಿದವರ ಚಿತ್ರಗಳ ಜೊತೆ ಕರಾರುವಾಕ್ಕಾಗಿ ಕೂಡಿದ್ದವು. ಅಷ್ಟೇ ಅಲ್ಲ, ನಕ್ಷತ್ರ ಪೂರ್ತಿ ಕುಂದಿದ ಗಳಿಗೆಯಲ್ಲಿ ಉಳಿದ ಊರುಗಳಲ್ಲೆಲ್ಲ ಮೋಡವಿತ್ತಂತೆ. ಆ ಗಳಿಗೆ ಸಿಕ್ಕಿದ್ದು ಬಾದಾಮಿಯ ಮಾಳಿಗೆಯಿಂದ ಮಾತ್ರ! ಸುಶ್ಮಿತಾ ನನ್ನನ್ನು ಹಿಟ್ಟಿನ ಕೈ ಸಮೇತ ಅಪ್ಪಿಕೊಂಡು ಅಡುಗೆಮನೆಯಲ್ಲೇ ಸುತ್ತಿಸಿದಳು.

ನಾನು ಹೊತ್ತು ಸರಿಪಡಿಸಲು ಸ್ಟೂಲ್ ಹತ್ತಿ ಗಡಿಯಾರಕ್ಕೆ ಕೈಹಾಕಿದೆ.

"ಮುಟ್ಟೀ ಜೋಕಿ!" ಅತ್ತೆ ಗದರಿದರು. "ನಕ್ಷತ್ರದ ಫೈಲಿನಾಗ ಹೋಗಿ ಕುಂತ ಗಡಿಯಾರ ಅದು. ನಾಳೆ ಅಕಿಗೆ ಬಸ್ ಐತಿ, ಹಂಗ ಇರಲಿ."