ಕ್ರೆನ್ ಹಚ್ಚದ ಬನ್ನು

ಹನ್ನೊಂದು ವರ್ಷದಿಂದ ಪ್ರತಿ ಫೆಬ್ರವರಿಯಲ್ಲೂ ಒಂದು ವಾರ ನಾನು ಹೋಫ್ರಾಟ್ ಪ್ರಾಂಟ್ನರ್ ಅವರಿಗೆ ಬೆಳಿಗ್ಗೆ ಎರಡು ಬನ್ನು ಕಟ್ಟಿಕೊಡುತ್ತಾ ಬಂದಿದ್ದೇನೆ. ಎರಡರಲ್ಲೂ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ತೆಳು ಹೋಳು. ಒಂದಕ್ಕೆ ತುರಿದ ಕ್ರೆನ್ ಬೇರು ಧಾರಾಳವಾಗಿ, ಖಾರ ಮೂಗಿಗೆ ಹತ್ತಬೇಕು. ಇನ್ನೊಂದಕ್ಕೆ ಕ್ರೆನ್ ಸೋಕಲೂ ಕೂಡದು. ಇರುವವರು ಒಬ್ಬರೇ, ಇರುವುದು ಒಂದೇ ಹೊಟ್ಟೆ, ಒಂದು ಬನ್ನಿಗೆ ಖಾರ ಬೇಕಂತೆ, ಇನ್ನೊಂದಕ್ಕೆ ಬೇಡವಂತೆ! ಯಾಕೆ ಎಂದು ಕೇಳಲು ಎಷ್ಟು ಸಲ ಬಾಯಿ ತೆರೆದೆನೋ ಲೆಕ್ಕವಿಲ್ಲ. ಆದರೆ ಅವರು ಹೋಫ್ರಾಟ್ ಎಂಬ ಬಿರುದಿನವರು. ವಿಯೆನ್ನಾದ ದೊಡ್ಡ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ಕಚೇರಿ ಬಿಟ್ಟರೂ ಪದವಿ ಅವರನ್ನು ಬಿಡುವುದಿಲ್ಲ, ಬಿಡಲು ನಾವೂ ಬಿಡುವುದಿಲ್ಲ. ಅಂಥವರನ್ನು ಹಿಡಿದು ನಿಲ್ಲಿಸಿ ಬನ್ನಿನ ವಿಚಾರ ಕೇಳುವುದು ಹೇಗೆ? ಅವರು ನನ್ನನ್ನು "ಯಜಮಾನಿಯವರೇ" ಎನ್ನುತ್ತಾರೆ, ನಾನು "ಹೋಫ್ರಾಟ್ ಅವರೇ" ಎನ್ನುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ನನಗೆ ಕುತೂಹಲ ಅತಿ ಎಂದು ಗಂಡ ವೆಂಡೆಲಿನ್ ಆಗಾಗ ಹಂಗಿಸುತ್ತಾನೆ. ಇರಲಿ ಬಿಡಿ. ಇನ್ನರ್‌ಮಾಡ್ ಈ ಕಣಿವೆಯ ಕೊನೆಯ ಊರು. ನಮ್ಮದು ಆರು ಕೋಣೆಗಳ ಅತಿಥಿಗೃಹ. ಚಳಿಗಾಲವಿಡೀ ಊರಿಗೆ ಬಂದವರು ಹೋದವರು ಯಾರ‍್ಯಾರು, ಯಾರ ಜೊತೆ ಯಾರು, ಯಾರ ಕೈಯಲ್ಲಿ ಉಂಗುರವಿದೆ, ಯಾರ ಕೈಯಲ್ಲಿಲ್ಲ, ಇಷ್ಟನ್ನೂ ತಿಳಿದುಕೊಳ್ಳದಿದ್ದರೆ ನನಗೆ ಹೊತ್ತು ಹೋಗುವುದಾದರೂ ಹೇಗೆ? ಮಂಡಿಗೆ ಶಸ್ತ್ರಚಿಕಿತ್ಸೆ ಆದಮೇಲೆ ನಾನು ಸ್ಕೀ ಕಟ್ಟಿಲ್ಲ, ಬೆಟ್ಟ ಹತ್ತಿಲ್ಲ. ಮೇಲೆ ನಡೆಯುವುದೆಲ್ಲ ಬೇರೆಯವರ ಬಾಯಿಂದಲೇ ಕೇಳಬೇಕು.

ಈ ಸಲ ಹಿಮ ಶುಕ್ರವಾರ ಶುರುವಾಗಿ ನಿಲ್ಲಲೇ ಇಲ್ಲ. ಶನಿವಾರ ನಮ್ಮಲ್ಲಿ ಅತಿಥಿಗಳು ಬದಲಾಗುವ ದಿನ. ಹಳಬರು ಹೋಗಬೇಕು, ಹೊಸಬರು ಬರಬೇಕು. ಅವತ್ತೇ ಬೆಳಿಗ್ಗೆ ಹಿಮಕುಸಿತದ ಸಮಿತಿಯವರು ರಸ್ತೆ ಮುಚ್ಚಿದರು. ವೆಂಡೆಲಿನ್ ಆ ಸಮಿತಿಯಲ್ಲಿದ್ದಾನೆ. ಊರಂಚಿನ ಅಡ್ಡಗೇಟು ಇಳಿಸಿ, ರೇಡಿಯೊ ಹಿಡಿದು ಅದರ ಪಕ್ಕದ ಗುಡಿಸಲಿನಲ್ಲೇ ವಾರವೆಲ್ಲ ಕಳೆದ. ಒಳಗಿದ್ದವರು ಒಳಗೇ ಉಳಿದರು, ಹೊರಗಿದ್ದವರು ಹೊರಗೇ. ನಮ್ಮ ಹೋಫ್ರಾಟರು ಕೆಳಗೆ, ರೈಲು ನಿಲ್ಲುವ ಊರಿನಲ್ಲಿ ಸಿಕ್ಕಿಬಿದ್ದರು.

ದಿನಾ ಫೋನು ಬರುತ್ತಿತ್ತು.

"ಯಜಮಾನಿಯವರೇ, ಎಳೆಲಿಫ್ಟು ನಡೀತಿದ್ಯಾ?"

"ಇಲ್ಲ ಹೋಫ್ರಾಟ್ ಅವರೇ. ಎಲ್ಲಾ ಲಿಫ್ಟೂ ಬಂದ್."

"ಅಲ್ಲಿ... ಲಿಫ್ಟಿನ ಬುಡದಲ್ಲಿ ಯಾರಾದ್ರೂ ನಿಂತಿದ್ದಾರಾ?"

"ಬಂದ್ ಆಗಿರೋ ಲಿಫ್ಟಿನ ಹತ್ರ ಯಾರು ನಿಲ್ತಾರೆ? ಹಸುಗಳೂ ಕೊಟ್ಟಿಗೇಲಿವೆ!"

ಆ ಕಡೆ ಒಂದು ನಿಟ್ಟುಸಿರು ಕೇಳುತ್ತಿತ್ತು. ಲಿಫ್ಟಿನ ಮೇಲೆ ಇದೆಂಥ ಮೋಹ ಎಂದುಕೊಂಡೆ. ನಮ್ಮ ಎಳೆಲಿಫ್ಟಿಗೆ ಇದೇ ಕೊನೆಯ ಚಳಿಗಾಲ, ನಿಜ. ವಸಂತದಲ್ಲಿ ಅದನ್ನು ಕಿತ್ತುಹಾಕಿ ಆಚೆ ಇಳಿಜಾರಿನಲ್ಲಿ ಗಾಜಿನ ಪೆಟ್ಟಿಗೆಗಳ ಹೊಸ ಲಿಫ್ಟು ಕಟ್ಟುತ್ತಾರೆ. ಹಳೆಯದು ಏನು ಮಹಾ? ಹಗ್ಗಕ್ಕೆ ಜೋತುಬಿದ್ದ ಕೊಕ್ಕೆ. ಇಬ್ಬಿಬ್ಬರು ಅಕ್ಕಪಕ್ಕ ನಿಂತು ಅದನ್ನು ಹಿಂಬದಿಗೆ ಸಿಕ್ಕಿಸಿಕೊಂಡರೆ ಅದು ಸ್ಕೀ ಸಮೇತ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಒಬ್ಬರು ಉದ್ದ, ಒಬ್ಬರು ಗಿಡ್ಡ ಆದರೆ ಒಬ್ಬರ ಸೊಂಟಕ್ಕೂ ಇನ್ನೊಬ್ಬರ ಮಂಡಿಗೂ ಬಡಿದು ಇಬ್ಬರೂ ಉರುಳುತ್ತಾರೆ. ಅದಕ್ಕೇ ಲಿಫ್ಟಿನವನು ಸಾಲಿನಲ್ಲಿ ಎತ್ತರ ನೋಡಿ ಅಪರಿಚಿತರನ್ನು ಜೋಡಿ ಮಾಡಿ ಕಳಿಸುವುದು.

ಬುಧವಾರ ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲು ತಟ್ಟಿದಳು. ಐವತ್ತು ದಾಟಿರಬಹುದು, ಎತ್ತರದ ಆಳು, ಮೈತುಂಬ ಹಿಮ. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಹಿಮಗನ್ನಡಕ. ಮಾತಿನಲ್ಲೇ ಉತ್ತರದ ಸಮುದ್ರದ ಕಡೆಯವಳೆಂದು ತಿಳಿಯಿತು. ರಸ್ತೆ ಮುಚ್ಚುವ ಹಿಂದಿನ ದಿನವೇ ಬಂದು ಊರಿನ ಆ ತುದಿಯ ಮನೆಯೊಂದರಲ್ಲಿ ಉಳಿದಿದ್ದಳಂತೆ.

"ಕ್ಷಮಿಸಿ, ನಿಮ್ಮಲ್ಲಿ ಕೊರ್ಬಿನಿಯಾನ್ ಅಂತ ಯಾರಾದ್ರೂ ಇದ್ದಾರಾ?"

"ಕೊರ್ಬಿನಿಯಾನ್ ಏನು? ಮನೆ ಹೆಸರು?"

"ಅದು ಗೊತ್ತಿಲ್ಲ."

ಈಗ ನೋಡಿ, ನನ್ನ ಕಿವಿ ನೆಟ್ಟಗಾಯಿತು. ಒಳಗೆ ಕರೆದು ಒಲೆಯ ಪಕ್ಕ ಕೂರಿಸಿ, ಬಿಸಿ ಸಾರು ಕೊಟ್ಟು, ಹಂದಿಮಾಂಸ, ಬ್ರೆಡ್ಡು, ಕ್ರೆನ್ ತಟ್ಟೆಯಲ್ಲಿಟ್ಟೆ. ಹೆಲ್ಮೆಟ್ಟು ತೆಗೆದಳು, ದಪ್ಪ ಕೈಗವಸು ತೆಗೆದಳು, ಒಳಗಿನ ತೆಳು ಕೈಗವಸು ಮಾತ್ರ ತೆಗೆಯಲಿಲ್ಲ. ಬೆರಳು ಮರಗಟ್ಟಿವೆ ಎಂದಳು. ಹಾಗಾಗಿ ಉಂಗುರದ ಸುದ್ದಿ ನನಗೆ ದಕ್ಕಲಿಲ್ಲ. ಕ್ರೆನ್ ಅನ್ನು ಚಾಕುವಿನಿಂದ ತಟ್ಟೆಯಂಚಿಗೆ ಸರಿಸಿಟ್ಟಳು. ಈ ಉತ್ತರದವರಿಗೆ ನಾಲಗೆ ಎಂಬುದೇ ಇಲ್ಲ ಎಂದು ಒಳಗೊಳಗೇ ಸಿಟ್ಟು ಬಂತು.

"ಮನೆ ಹೆಸರು ಗೊತ್ತಿಲ್ದೇ ಹುಡುಕ್ತಿದ್ದೀರಲ್ಲ, ಯಾರು ಅವರು?"

"ಲಿಫ್ಟಲ್ಲಿ ಸಿಕ್ಕಿದವರು. ಮೊದಲ ದಿನ ಲಿಫ್ಟಿನವನು ನಮ್ಮಿಬ್ಬರ ಎತ್ತರ ಸರಿಹೋಗತ್ತೆ ಅಂತ ಜೋಡಿ ಮಾಡಿ ಕಳಿಸ್ದ. ಆಮೇಲೆ ಪ್ರತಿ ವರ್ಷ ಇದೇ ವಾರ, ಅದೇ ಲಿಫ್ಟು. ಕೆಳಗೆ ಬಂದ ಮೇಲೆ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ."

"ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೇಳ್ಲಿಲ್ವಾ? ಯಾವೂರು, ಯಾರ ಮನೆಯೋರು ಅಂತ?"

"ಮೇಲೆ ಯಾರು ಕೇಳ್ತಾರೆ? ಮೇಲೆ ಎಲ್ಲರೂ ಬರೀ ಹೆಸರಲ್ವಾ? ಮೊದಲನೇ ವರ್ಷ ಕೇಳ್ಬೇಕಿತ್ತು. ಆಮೇಲೆ ಕೇಳೋಕೆ ನಾಚಿಕೆ ಆಯ್ತು. ಇಷ್ಟು ವರ್ಷ ಆದ್ಮೇಲೆ, ನೀನು ಯಾರು ಅಂತ ಹ್ಯಾಗೆ ಕೇಳೋದು?"

ಅದು ನಿಜ. ಮರಗಳ ಸಾಲು ದಾಟಿ ಮೇಲೆ ಹೋದರೆ ಡಾಕ್ಟರೂ ಇಲ್ಲ, ಹೋಫ್ರಾಟೂ ಇಲ್ಲ. ಎಲ್ಲರೂ ಬರೀ ಹೆಸರು, ಎಲ್ಲರಿಗೂ ನೀನು ಎಂದೇ ಮಾತು. ಕೆಳಗಿಳಿದು ಸ್ಕೀ ಬಿಚ್ಚಿದರೆ ಮತ್ತೆ ಪದವಿ, ಮನೆತನ, ನೀವು ತಾವು. ಹುಟ್ಟಿದಾಗಿನಿಂದ ನಾವು ಹೀಗೇ ಬದುಕಿದವರು, ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ.

"ಲಿಫ್ಟು ಕೀಳ್ತಾರಂತೆ," ಎಂದಳು ಆಕೆ. "ಈ ವಾರ ಸಿಗದಿದ್ರೆ ಮುಂದಿನ ವರ್ಷ ಎಲ್ಲಿ ಅಂತ ನಿಂತ್ಕೊಳ್ಳಲಿ? ದಿನಾ ಬೆಳಿಗ್ಗೆ ಅಲ್ಲಿ ಹೋಗಿ ನೋಡ್ಕೊಂಡು ಬರ್ತೀನಿ."

ಪಾಪ ಅನ್ನಿಸಿತು. ಆದರೂ ನನ್ನ ಜಂಭ ನೋಡಿ. "ಈ ಊರಲ್ಲಿ ನಂಗೆ ಗೊತ್ತಿಲ್ದೇ ಒಬ್ಬರೂ ಉಳಿಯೋಲ್ಲ. ಕೊರ್ಬಿನಿಯಾನ್ ಅನ್ನೋರು ಇಲ್ಲಿಗೆ ಬಂದೇ ಇಲ್ಲ," ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿಬಿಟ್ಟೆ. ಆಕೆಯ ಹೆಸರನ್ನೂ ಕೇಳಲಿಲ್ಲ.

ಶನಿವಾರ ಬೆಳಗಾದಾಗ ಆಕಾಶ ತೊಳೆದಿಟ್ಟಂತಿತ್ತು. ಇಳಿಜಾರಿನ ತುಂಬ ಹುಡಿಹಿಮ, ಜರಡಿ ಹಿಡಿದ ಹಿಟ್ಟಿಗಿಂತ ನಯ, ಒಂದು ಗೆರೆಯೂ ಬಿದ್ದಿಲ್ಲ. ಎಳೆಲಿಫ್ಟು ಮಧ್ಯಾಹ್ನ ಶುರುವಾಗುತ್ತದೆ ಎಂದು ಸುದ್ದಿ ಬಂತು. ರಸ್ತೆಯೂ ಸ್ವಲ್ಪ ಹೊತ್ತು ತೆರೆಯುತ್ತದೆ. ಮೊದಲು ಹೊರಹೋಗುವವರ ಬಸ್ಸು ಕಾರುಗಳು ಸಾಲಾಗಿ ಇಳಿಯಬೇಕು, ಅವು ತಲುಪಿದ ಮೇಲೆ ಕೆಳಗಿನವರು ಸಾಲಾಗಿ ಹತ್ತಬೇಕು. ಬಿಸಿಲೇರಿ ಹಿಮ ಸಡಿಲವಾಗುವ ಮೊದಲು ಗೇಟು ಮತ್ತೆ ಬೀಳುತ್ತದೆ. ನಮ್ಮ ಅತಿಥಿಗಳು ಪೆಟ್ಟಿಗೆ ಎಳೆದುಕೊಂಡು ಓಡಿದರು. ನಾನು ಹಾಸಿಗೆಗಳ ಚಾದರ ಕೀಳುತ್ತಿದ್ದೆ, ಫೋನು ಬಂತು.

"ಯಜಮಾನಿಯವರೇ, ಬಸ್ಸಲ್ಲಿ ಕೂತಿದ್ದೀನಿ! ನಮ್ಮನ್ನೂ ಹತ್ತಿಸ್ತಾರಂತೆ."

"ನಿಮ್ಮ ವಾರ ಮುಗೀತಲ್ಲ ಹೋಫ್ರಾಟ್ ಅವರೇ, ಈಗ ಬಂದು ಏನ್ಮಾಡ್ತೀರಿ?"

"ಒಂದು ದಿನ ಆದ್ರೂ ಸಾಕು. ದಯವಿಟ್ಟು ಬನ್ನು ಎರಡು ಕಟ್ಟಿಡಿ. ಒಂದಕ್ಕೆ ಕ್ರೆನ್ ಬೇಡ. ಮರೀಬೇಡಿ."

ಗೊಣಗುತ್ತಾ ಅಡುಗೆಮನೆಗೆ ಹೋದೆ. ಮೊದಲನೆಯ ಬನ್ನಿಗೆ ಕ್ರೆನ್ ಹಚ್ಚಿದೆ. ಎರಡನೆಯದಕ್ಕೆ ಹಚ್ಚಬಾರದೆಂದು ಚಾಕು ಕೆಳಗಿಟ್ಟೆ. ಚಾಕು ಇಟ್ಟಿದ್ದೇ ತಡ, ಬುಧವಾರದ ತಟ್ಟೆ, ಅಂಚಿಗೆ ಸರಿಸಿಟ್ಟ ಆ ಬಿಳಿ ಗುಪ್ಪೆ ಕಣ್ಣಿಗೆ ಕಟ್ಟಿತು. ಅಯ್ಯೋ ದೇವರೇ! ಒಂದೇ ಹೊಟ್ಟೆಗಲ್ಲ, ಎರಡು ಹೊಟ್ಟೆಗೆ ಎರಡು ಬನ್ನು. ಲಿಫ್ಟಿನ ಬುಡದಲ್ಲಿ ಯಾರಾದರೂ ನಿಂತಿದ್ದಾರಾ ಎಂದು ದಿನಾ ಕೇಳಿದ್ದು ಇದಕ್ಕೆ. ಹೋಫ್ರಾಟ್ ಎಂಬುದು ತಾಯಿ ಇಟ್ಟ ಹೆಸರೇನಲ್ಲವಲ್ಲ! ಅತಿಥಿಗಳ ಪುಸ್ತಕದಲ್ಲೂ ಅವರು ಹೋಫ್ರಾಟ್ ಪ್ರಾಂಟ್ನರ್ ಎಂದೇ ಬರೆಯುವುದು; ಅವರಿಗೂ ಒಂದು ಹೆಸರಿರಬೇಕು ಎಂದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಅವಳ ವಾರವೂ ಇವತ್ತಿಗೆ ಮುಗಿಯಿತು, ಹೊರಡುವ ಬಸ್ಸಿನಲ್ಲೇ ಇರುತ್ತಾಳೆ. ಬನ್ನುಗಳನ್ನು ಕಾಗದದಲ್ಲಿ ಸುತ್ತಿ, ಮೇಲಂಗಿ ಎಳೆದುಕೊಂಡು, ಮಂಡಿಯನ್ನು ಬೈಯುತ್ತಾ ಓಡಿದೆ. ಹೊರಹೋಗುವ ಸಾಲು ಗೇಟಿನ ಮುಂದೆ ನಿಂತಿತ್ತು. ವೆಂಡೆಲಿನ್ ರೇಡಿಯೊ ಕಿವಿಗಿಟ್ಟುಕೊಂಡಿದ್ದ.

"ಗೇಟು ಎತ್ತಬೇಡ!"

"ಯಾಕೆ, ಮನೆಗೆ ಬೆಂಕಿ ಬಿತ್ತಾ?"

"ಕೊರ್ಬಿನಿಯಾನ್ ಕಣೋ! ಕೊರ್ಬಿನಿಯಾನ್ ಬರ್ತಿದ್ದಾನೆ, ಅವಳು ಹೋಗ್ತಿದ್ದಾಳೆ!"

"ಪ್ರಾಂಟ್ನರ್ ತಾನೆ? ಬರ್ಲಿ ಬಿಡು."

"ಅವರ ಹೆಸರು ನಿಂಗೆ ಗೊತ್ತಿತ್ತಾ?!"

"ಗೊತ್ತಿಲ್ದೇ ಏನು? ಮೇಲೆ ಸಿಕ್ಕಿದ್ರೆ ಅವನು ಕೊರ್ಬಿನಿಯಾನ್, ನಾನು ವೆಂಡೆಲಿನ್. ಕೆಳಗೆ ಬಂದ್ರೆ ಹೋಫ್ರಾಟ್. ನೀನು ಕೇಳ್ಲೇ ಇಲ್ವಲ್ಲ!"

ಅವನ ಟೋಪಿ ಕಿತ್ತು ಹಿಮಕ್ಕೆ ಎಸೆಯಬೇಕೆನ್ನಿಸಿತು. ಸಮಯವಿರಲಿಲ್ಲ.

"ಒಂದು ನಿಮಿಷ ಕೊಡ್ತೀನಿ ಬುರ್ಗಿ. ಬಿಸಿಲು ಏರ್ತಿದೆ, ಜನರನ್ನ ಬೆಟ್ಟದ ಕೆಳಗೆ ಕಾಯಿಸೋಕಾಗಲ್ಲ," ಎಂದ. ಅದೂ ಸರಿಯೇ.

ಬಸ್ಸು ಹತ್ತಿದೆ. ಸೀಟು ತುಂಬ ಟೋಪಿ, ಶಾಲು, ಕಪ್ಪುಗನ್ನಡಕ. ಬುಧವಾರ ಕಂಡ ಮುಖ ಯಾವುದೆಂದೇ ತಿಳಿಯಲಿಲ್ಲ. ಕೂಗಲು ಹೆಸರೂ ಇಲ್ಲ.

"ಕ್ರೆನ್ ತಿನ್ನದೇ ಇರೋರು ಯಾರ್ರೀ ಇಲ್ಲಿ? ಎದ್ದು ನಿಲ್ಲಿ!" ಎಂದು ಅರಚಿದೆ.

ನಾಲ್ಕು ಜನ ಕೈ ಎತ್ತಿದರು. ಎದುರಿಗೇ ಕೂತಿದ್ದ ದಡೂತಿ ಮನುಷ್ಯ ಗಾಬರಿಯಿಂದ, "ನಂಗೂ ಆಗಲ್ಲ. ಅದಕ್ಕೆ ಬಸ್ಸಿಂದ ಇಳಿಸ್ತಾರಾ?" ಎಂದ.

"ನೀವಲ್ಲ, ಕೂತ್ಕೊಳ್ಳಿ! ಕೊರ್ಬಿನಿಯಾನ್‌ನ ಹುಡುಕಿದವರು ಯಾರು?"

ಹಿಂದಿನ ಸಾಲಿನಲ್ಲಿ ಆಕೆ ಮೆಲ್ಲಗೆ ಎದ್ದಳು. ಊರಿನ ಕೋಟು, ಬಿಚ್ಚಿದ ಕೂದಲು, ಕೈಗೆ ಉಣ್ಣೆಯ ಕೈಗವಸು.

"ಅವರು ನಮ್ಮನೆಯೋರೇ," ಎಂದೆ, ಉಸಿರು ಸಿಗದೆ. "ವಾರವೆಲ್ಲ ಕೆಳಗೆ ಸಿಕ್ಕಿಹಾಕ್ಕೊಂಡಿದ್ರು. ಈಗ ಬರ್ತಿದ್ದಾರೆ. ನಿಮ್ಮ ಬಸ್ಸು ಇಳಿದ ಮೇಲೆ ಅವರ ಬಸ್ಸು ಹತ್ತತ್ತೆ."

"ನೀವೇ ಇಲ್ಲ ಅಂದ್ರಿ."

"ಅಂದೆ. ನನ್ನ ಬಾಯಿಗೆ ಹಿಮ ಹಾಕ! ಈಗ ಇಳೀತೀರಾ ಇಲ್ವಾ?"

"ಇಳಿದ್ರೆ ಮತ್ತೆ ದಾರಿ ಯಾವಾಗ ತೆಗೀತಾರೆ?"

"ಸುಳ್ಳು ಹೇಳಲ್ಲ. ಸಂಜೆಗೆ ಮತ್ತೆ ಹಿಮ ಅಂತಿದ್ದಾರೆ. ನಾಳೆಯೋ, ನಾಲ್ಕು ದಿನಕ್ಕೋ, ಯಾರಿಗೂ ಗೊತ್ತಿಲ್ಲ."

"ಸೋಮವಾರ ನಾನು ಕೆಲಸಕ್ಕೆ ಹೋಗ್ಬೇಕು. ರೈಲು..." ಎಂದು ನಿಲ್ಲಿಸಿದಳು. ಚಾಲಕ ಹಾರ್ನು ಒತ್ತಿದ. ದಡೂತಿ ಮನುಷ್ಯ ಹಿಂದೆ ತಿರುಗಿ, "ಇಳೀರಮ್ಮ! ನಾನಾಗಿದ್ರೆ ಇಳೀತಿದ್ದೆ," ಎಂದ. ಆಕೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಪೆಟ್ಟಿಗೆ ಎತ್ತಿಕೊಂಡಳು. ಚಾಲಕ ಬೈಯುತ್ತಲೇ ಬಸ್ಸಿನ ಹೊಟ್ಟೆಯಿಂದ ಅವಳ ಸ್ಕೀಗಳನ್ನು ಎಳೆದು ಹಿಮದಲ್ಲಿ ನೆಟ್ಟ. ಗೇಟು ಎದ್ದಿತು, ಸಾಲು ಹೋಯಿತು.

ಗುಡಿಸಲಿನಲ್ಲಿ ಕಾದೆವು. ಹೆಸರು ರೋಸ್‌ವಿಟಾ ಎಂದು ಈಗ ತಿಳಿಯಿತು. ನಾನು ಸುಮ್ಮನಿರುವವಳಲ್ಲ. ಅವರು ವಿಯೆನ್ನಾದವರು, ದೊಡ್ಡ ಹುದ್ದೆಯಲ್ಲಿ ಇದ್ದವರು ಎಂದು ಶುರುಮಾಡಿದೆ. ರೋಸ್‌ವಿಟಾ ಕೈ ಅಡ್ಡ ಮಾಡಿದಳು.

"ಬೇಡ, ಹೇಳ್ಬೇಡಿ. ಅವರೇ ಹೇಳ್ಲಿ."

ಬಾಯಿ ಮುಚ್ಚಿಕೊಂಡೆ. ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಬನ್ನಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ರಸ್ತೆಯ ತಿರುವನ್ನೇ ನೋಡುತ್ತಾ ಕೂತೆ. ಬೆಟ್ಟದಲ್ಲೆಲ್ಲೋ ಹಿಮ ಕುಸಿದು ಗುಡುಗಿದ ಸದ್ದಾದಾಗ ಅವಳು ನನ್ನ ತೋಳು ಹಿಡಿದುಕೊಂಡಳು. ದೂರದ ಇಳಿಜಾರು, ರಸ್ತೆಗೆ ಸಂಬಂಧವಿಲ್ಲ ಎಂದು ವೆಂಡೆಲಿನ್ ಹೇಳಿದ ಮೇಲೂ ಬಿಡಲಿಲ್ಲ.

ಕೊನೆಗೆ ಬಸ್ಸು ಬಂತು. ಹೋಫ್ರಾಟರು ಮೊದಲಿಗೇ ಇಳಿದರು. ಕಪ್ಪು ಓವರ್‌ಕೋಟು, ಹಸಿರು ಹ್ಯಾಟು, ಕಂಕುಳಲ್ಲಿ ಸ್ಕೀ. ರೋಸ್‌ವಿಟಾ ಎದ್ದು ಎದುರಿಗೇ ನಿಂತಿದ್ದಳು. ಅವರು ಅವಳ ಪಕ್ಕದಲ್ಲೇ ದಾಟಿಕೊಂಡು ನೇರ ನನ್ನ ಹತ್ತಿರ ಬಂದರು! ಇವಳೂ ಹೊಸಬರನ್ನು ನೋಡುವಂತೆ ನೋಡಿ, ಬಸ್ಸಿನ ಬಾಗಿಲಿಗೇ ಕಣ್ಣು ನೆಟ್ಟಳು. ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತೇ ಇರಲಿಲ್ಲ. ಮೇಲೆ ಹೆಲ್ಮೆಟ್ಟು, ಹಿಮಗನ್ನಡಕ, ಮೂಗಿನವರೆಗೂ ಬಟ್ಟೆ, ಬನ್ನು ತಿನ್ನಲು ಇಳಿಸಿದರೂ ಕಾಣುವುದು ಬಾಯಿಯಷ್ಟೇ. ಅದಿರಲಿ, ಕೊಕ್ಕೆಗೆ ಸಿಕ್ಕಿಸಿಕೊಂಡು ಹೋಗುವವರು ಮುಂದೆ ನೋಡುತ್ತಿರುತ್ತಾರೆಯೇ ಹೊರತು ಪಕ್ಕಕ್ಕಲ್ಲ.

"ಯಜಮಾನಿಯವರೇ," ಎಂದರು ಹೋಫ್ರಾಟರು, "ಲಿಫ್ಟು ಶುರುವಾಯ್ತಾ? ನಾನು ನೇರ ಅಲ್ಲಿಗೇ ಹೋಗ್ಬೇಕು."

ರೋಸ್‌ವಿಟಾ ಗಕ್ಕನೆ ತಿರುಗಿದಳು. ಮುಖವಲ್ಲ, ದನಿ.

"ಕೊರ್ಬಿನಿಯಾನ್?"

ಅವರು ಕಂಬದಂತೆ ನಿಂತರು. ಸ್ಕೀ ಕಂಕುಳಿಂದ ಜಾರಿ ಹಿಮಕ್ಕೆ ಬಿತ್ತು. ಹ್ಯಾಟು ತೆಗೆದರು, ಬೋಳುತಲೆ ಬಿಸಿಲಿಗೆ ಹೊಳೆಯಿತು. ಆಮೇಲೆ ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತನಂತೆ ನೆಟ್ಟಗೆ ನಿಂತು ಕೈ ಚಾಚಿದರು.

"ಪ್ರಾಂಟ್ನರ್," ಎಂದರು. "ಕೊರ್ಬಿನಿಯಾನ್ ಪ್ರಾಂಟ್ನರ್. ವಿಯೆನ್ನಾ. ಇದನ್ನ ಮೊದಲನೇ ವರ್ಷಾನೇ ಹೇಳ್ಬೇಕಿತ್ತು."

ರೋಸ್‌ವಿಟಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. ಬಲಗೈಯ ಕೈಗವಸು ಎಳೆದು ತೆಗೆದು, ಅವರ ಕೈ ಹಿಡಿದು, ತನ್ನ ಮನೆ ಹೆಸರು ಹೇಳಿದಳು. ಆಮೇಲೆ ಊರನ್ನೂ ಹೇಳಿದಳು, ಬೀದಿಯನ್ನೂ ಹೇಳಿದಳು, ಯಾರೋ ನಡುವೆ ಬಂದು ನಿಲ್ಲಿಸಿಬಿಡುತ್ತಾರೆ ಎನ್ನುವ ಹಾಗೆ ಒಂದೇ ಉಸಿರಿಗೆ. ನಾನು ಪೊಟ್ಟಣ ಕೊಟ್ಟೆ. ಅವರು ಬಿಚ್ಚಿ, ನೋಡದೆಯೇ ಒಂದು ಬನ್ನು ಅವಳತ್ತ ಚಾಚಿದರು. ಸರಿಯಾದದ್ದನ್ನೇ ಕೊಟ್ಟರು.

ಇಬ್ಬರೂ ಸ್ಕೀ ಹೆಗಲಿಗಿಟ್ಟುಕೊಂಡು, ಬನ್ನು ಕಚ್ಚುತ್ತಾ ಲಿಫ್ಟಿನ ಕಡೆ ನಡೆದರು. ಪೆಟ್ಟಿಗೆಗಳು ನಮ್ಮ ಪಾಲಿಗೆ ಉಳಿದವು. ವೆಂಡೆಲಿನ್ ಗೇಟು ಇಳಿಸಿ ನನ್ನ ಪಕ್ಕ ಬಂದು ನಿಂತ.

"ಕೈಗವಸು ತೆಗೆದಳಲ್ಲ. ಉಂಗುರ ಇತ್ತೇನೇ?"

ನಮ್ಮಲ್ಲಿ ಮದುವೆಯ ಉಂಗುರ ಬಲಗೈಗೇ ಹಾಕುವುದು. ಕೈ ನನ್ನ ಮೂಗಿನ ಕೆಳಗೇ ಇತ್ತು, ಬಿಸಿಲು ಬೇರೆ.

"ನೋಡೋದು ಮರೆತೇಹೋಯ್ತು ಕಣೋ," ಎಂದೆ.