ಲಲಿತಾಳ ಎಡಗಣ್ಣು

ಎಲ್ಲಿಂದ ಶುರು ಮಾಡಲಿ? ಬಂದೂಕಿನಿಂದ ಮಾಡಿದರೆ ನೀವು ನೆಟ್ಟಗೆ ಕೂತು ಓದುತ್ತೀರಿ. ಗುರಮ್ಮನಿಂದ ಮಾಡಿದರೆ ಪುಟ ತಿರುವುತ್ತೀರಿ. ನಿಮ್ಮ ಟೇಸ್ಟು ನನಗೆ ಗೊತ್ತು, ಬಂದೂಕಿನಿಂದಲೇ ಮಾಡುತ್ತೇನೆ.

೧. ೧೯೪೮ರ ಬೇಸಿಗೆ. ಭಾಲ್ಕಿ ಹತ್ತಿರದ ಹಲಬರ್ಗಾ. ನಿಜಾಮನ ಪರ ಊರೂರು ದೋಚುವ ರಜಾಕಾರರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಊರು ನಿದ್ದೆಗೆಟ್ಟಿದೆ. ಗಟ್ಟಿಮುಟ್ಟಾದ ಗಂಡಸರು ನಿಜಾಮನ ವಿರುದ್ಧ ಹೋರಾಡಲು ಗಡಿಯಾಚೆಯ ಕ್ಯಾಂಪು ಸೇರಿದ್ದಾರೆ. ಊರಿಗೆಲ್ಲ ಉಳಿದಿರುವುದು ವಯಸ್ಸಾದ ಹಾವಗೆಪ್ಪನ ಬಂದೂಕು ಒಂದೇ. ಮಕ್ಕಳಿಗೆ ಗುರಿ ಕಲಿಸಬೇಕೆ ಬೇಡವೆ ಎಂದು ಚಾವಡಿಯಲ್ಲಿ ಡಿಬೇಟ್.

"ಜೀವ ಉಳಿಸ್ಕೊಳ್ಳೋದು ನಮ್ಮ ಹಕ್ಕದರಿ," ಎಂದರು ಅಂಗಡಿಯ ಮಲ್ಲಿಕಾರ್ಜುನಪ್ಪ.

"ಹಕ್ಕು ದೊಡ್ಡವ್ರದು ಅಂದ್ರ, ಬಂದೂಕ ಯಾಕ್ರಿ ಸಣ್ಣವ್ರ ಕೈಗಿ?" ಎಂದರು ಸಾಲೆಯ ಮಾಸ್ತರ ಫಿಲಿಪ.

(ಮಲ್ಲಿಕಾರ್ಜುನಪ್ಪ ಎಲೆಯಡಿಕೆ ಚೀಲ ಬಿಚ್ಚಿದರು. ಇವತ್ತಿನ ಟೀವಿ ಆಂಕರ್ ಆಗಿದ್ದರೆ ಬ್ರೇಕ್ ತಗೊಳ್ಳುತ್ತಿದ್ದ.)

ಕಲಿಸಲೇಬೇಕೆಂದು ಹಿರಿಯರೆಲ್ಲ ಒಪ್ಪಿದರು. ಮರುದಿನ ಒಪ್ಪಿದವರ ಮಕ್ಕಳಿಗೆಲ್ಲ ಜ್ವರ. ಬಂದವಳು ಒಬ್ಬಳೇ, ಹಾವಗೆಪ್ಪನ ತಂಗಿ ಗುರಮ್ಮನ ಮಗಳು, ಹತ್ತು ವರ್ಷದ ಲಲಿತಾ. ಅವಳಿಗೆ ಜ್ವರ ಬರಿಸಲು ಅಪ್ಪ ಬದುಕಿರಲಿಲ್ಲ. ಅಣ್ಣನ ಮಾತು ಮೀರಲು ಗುರಮ್ಮನಿಗೆ ಆಗಲಿಲ್ಲ.

೨. ಹಾವಗೆಪ್ಪ ಕಲಿಸಿದ್ದು ಹೀಗೆ: "ಲಿಂಗಪೂಜಿ ಮಾಡುವಾಗ ಅಂಗೈ ಮ್ಯಾಲಿನ ಲಿಂಗ ಹ್ಯಾಂಗ ನೋಡ್ತಿ? ಕೈ ನಡುಗಬಾರದು, ಮನಸು ಅತ್ತಿತ್ತ ಹೋಗಬಾರದು. ಹಾಂಗಽ ನೋಡವ್ವಾ. ಎಡಗಣ್ಣು ಮುಚ್ಚು, ಅಷ್ಟಽ ಫರಕು."

ಗೋಡೆಯ ಮೇಲಿನ ಗಡಿಗೆ ಒಡೆಯಿತು. ಊರು ಶಭಾಷ್ ಅಂದಿತು.

ಮರುದಿನ ಬೆಳಿಗ್ಗೆ ಗುರಮ್ಮ ಪೂಜೆಗೆ ಕೂತು ಪಕ್ಕಕ್ಕೆ ತಿರುಗಿದಳು. ಮಗಳು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ಎಡಗಣ್ಣು ಮುಚ್ಚಿ ನೋಡುತ್ತಿದ್ದಳು.

"ಕಣ್ಣು ತೆರಿ ಯವ್ವಾ."

"ತೆರದ್ರ ಸರಿಯಾಗಿ ಕಾಣಂಗಿಲ್ಲ ಅವ್ವಾ."

ಈಗ ಮುಕ್ತಾಯ. ಸ್ಟಾಕಿನಲ್ಲಿ ಮೂರಿವೆ, ನೋಡಿ.

ಮುಕ್ತಾಯ ಅ: ರಜಾಕಾರರು ಬಂದರು, ಲಲಿತಾ ಗುಂಡು ಹಾರಿಸಿದಳು, ಊರ ನಡುವೆ ಅವಳ ಪ್ರತಿಮೆ ನಿಂತಿತು. ಓದಿ ಹೇಳುತ್ತಿದ್ದಂತೆ ಗುರಮ್ಮ ನನ್ನ ಕೈಯ ಹಾಳೆ ಕಸಿದು ಹರಿದು ಹಾಕಿದಳು. "ನನ್ನ ಮಗಳು ಕಲ್ಲಾಗೋದು ಬ್ಯಾಡ್ರಿ."

ಮುಕ್ತಾಯ ಆ: ಬಂದೂಕು ಕೈತಪ್ಪಿ... (ವಾಕ್ಯ ಮುಗಿಸಲೂ ಅವಳು ಬಿಡಲಿಲ್ಲ.)

ಮುಕ್ತಾಯ ಇ: ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ನಡೆಯಿತು, ಭಾರತದ ಸೇನೆಗೆ ನಿಜಾಮ ಶರಣಾದ. ರಜಾಕಾರರು ಹಲಬರ್ಗಾಕ್ಕೆ ಬರಲೇ ಇಲ್ಲ. ಹಾವಗೆಪ್ಪ ಬಂದೂಕನ್ನು ಭಾಲ್ಕಿಗೆ ಒಯ್ದು ಒಪ್ಪಿಸಿ ಬಂದ. ಹಿರಿಯರ ಮಕ್ಕಳ ಜ್ವರ ಇಳಿಯಿತು. ಕಥೆ ಮುಗಿಯಿತಲ್ಲ?

"ಎಲ್ಲಿ ಮುಗೀತರಿ?" ಎಂದಳು ಗುರಮ್ಮ. "ಬಂದೂಕ ಹೋತು, ಕಣ್ಣು ಇನ್ನೂ ಹಾಂಗಽ ಅದ. ಪೂಜಿಗಿ ಕೂತ್ರೂ ಹಾಂಗಽ, ಮಂದೀನ್ನ ನೋಡಿದ್ರೂ ಹಾಂಗಽ. ಅಕಿ ಕೈಗಿ ಬಂದೂಕ ಕೊಟ್ಟವ್ರು ನೀವು, ಕಥಿಗಾರ್ರ. ಎರಡೂ ಕಣ್ಣು ತೆರದಳು ಅಂತ ಬರೀರಿ."

ಬರೆಯಲು ನನಗೇನು ಧಾಡಿ? 'ಎರಡೂ ಕಣ್ಣು ತೆರೆದಳು' ಎಂದು ಬರೆದೆ. ಓದು ಬಾರದ ಗುರಮ್ಮ ಹಾಳೆಯನ್ನು ಕಣ್ಣಿಗೊತ್ತಿಕೊಂಡಳು. ಲಲಿತಾ ಅದನ್ನು ಇಸಿದುಕೊಂಡು ಓದಿದಳು. ಆಮೇಲೆ ತಲೆ ಎತ್ತಿ, ಉಸಿರು ಬಿಗಿಹಿಡಿದು, ಎಡಗಣ್ಣು ಮುಚ್ಚಿ ನನ್ನನ್ನು ನೋಡಿದಳು.

ಇನ್ನೂ ನೋಡುತ್ತಿದ್ದಾಳೆ.