ಏಳು ನಿಮಿಷದ ಉದ್ದೇಶ

೧

ಈ ಕಥೆಗೆ ಬಾಗಿಲು ಎಲ್ಲಿಡಲಿ? ಒಂದು ಡ್ರಾಫ್ಟ್‌ನಲ್ಲಿ ಟೇಲರ್ ಮಾಮನ ತೋಳಿನಿಂದ ಶುರು ಮಾಡಿದ್ದೆ. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ತೋಳು. ಓದುಗರು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳಲಿ ಎಂಬ ದುರಾಸೆ ನನ್ನದು. ನಾಚಿಕೆಯಾಗಿ ಕಿತ್ತುಹಾಕಿದೆ. ಇನ್ನೊಂದನ್ನು ಕೋಡ್‌ನಿಂದ ಶುರು ಮಾಡಿದೆ. ನನ್ನ ಹೆಂಡತಿ ಓದಿ, "ಇದು ಯಾರಿಗೆ ಅರ್ಥ ಆಗುತ್ತೆ?" ಎಂದಳು. (ನನಗೂ ಆಗಿಲ್ಲ ಎಂದು ಬಾಯಿ ಬಿಡಲಿಲ್ಲ.)

ಹಾಗಾಗಿ ಸುತ್ತುಬಳಸದೆ ಹೇಳಿಬಿಡುತ್ತೇನೆ. ಒಬ್ಬಳು ಹೆಂಗಸು. ವಯಸ್ಸು ನಲವತ್ತೊಂದು, ಮೂರನೇ ಮಹಡಿಯ ಬಾಡಿಗೆ ಮನೆ, ಊಟದ ಮೇಜೇ ಆಫೀಸು. ಲಕ್ಷಾಂತರ ಕಚೇರಿಗಳು ಬೆಳಗಿನಿಂದ ಸಂಜೆವರೆಗೆ ತೆರೆದಿಟ್ಟುಕೊಂಡು ಕೂರುವ ಆ ಆನ್‌ಲೈನ್ ಶೀಟಿಗೆ ಅವಳು ಆಡ್-ಆನ್ ಮಾಡುತ್ತಾಳೆ. ಅಂದರೆ, ಶೀಟು ದೊಡ್ಡ ಕಂಪನಿಯದು, ಅದರ ಮೂಲೆಯಲ್ಲಿ ಒಂದು ಬಟನ್ ಮಾತ್ರ ಇವಳದು. "ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡ್ದ ಹಾಗೆ ಕಣೇ ಇದು. ಓನರ್ ಕೀಳು ಅಂದ್ರೆ ಕೀಳ್ಬೇಕು" ಎನ್ನುತ್ತಾಳೆ ಅವಳ ಅಮ್ಮ.

ಆ ಬಟನ್ನಿನ ಹೆಸರು ಕರೆಗಂಟೆ. ಶೀಟಿನ ಸಾಲಿನಲ್ಲಿ ಒಂದು ಹೆಸರು, ಒಂದು ಸಮಯ ಬರೆದಿಟ್ಟರೆ ಆ ಹೊತ್ತಿಗೆ ಫೋನು ಗಂಟೆ ಹೊಡೆಯುತ್ತದೆ. ಅಷ್ಟೇ. ಇಷ್ಟಕ್ಕೆ ಒಂದು ಕಥೆ ಬೇರೆ ಕೇಡು ಎಂದು ನೀವು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ತಡೆಯಿರಿ.

೨

ಕರೆಗಂಟೆಯಲ್ಲಿ ಒಂದು ತಪ್ಪಿತ್ತು. ಮೂರು ವರ್ಷದ ಹಿಂದೆ ಅದನ್ನು ಪರೀಕ್ಷೆ ಮಾಡುವಾಗ, ಗಂಟೆಗಾಗಿ ಕಾಯುತ್ತಾ ಕೂರಲು ಬೇಸರವಾಗಿ, 'ಬರೆದ ಸಮಯದಿಂದ ಏಳು ನಿಮಿಷ ಕಳೆ' ಎಂದು ಒಂದು ಸಾಲು ಸೇರಿಸಿದ್ದಳು. ಆಮೇಲೆ ತೆಗೆಯಲು ಮರೆತಳು. ಅಂದಿನಿಂದ ಅವಳ ಗಂಟೆ ಎಲ್ಲರ ಫೋನಿನಲ್ಲೂ ಏಳು ನಿಮಿಷ ಮುಂಚೆ ಹೊಡೆಯುತ್ತಿತ್ತು. ಒಬ್ಬರೂ ದೂರಲಿಲ್ಲ.

ಕಳೆದ ತಿಂಗಳು ಆ ಸಾಲು ಅವಳ ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡಳು, ಸಾಲನ್ನು ತೆಗೆದಳು, ಹೊಸ ಆವೃತ್ತಿ ಬಿಟ್ಟಳು, ನೆಮ್ಮದಿಯಾಗಿ ಟೀ ಕುಡಿದಳು.

ಅದಾದ ಮೂರನೇ ವಾರದ ಶುಕ್ರವಾರ ಬೆಳಿಗ್ಗೆ ಒಂದು ಮೇಲ್ ಬಂತು. ಬರೆದವರು ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಹಿರಿಯ ನರ್ಸ್. 'ದಯವಿಟ್ಟು ನಮ್ಮ ಏಳು ನಿಮಿಷ ವಾಪಸ್ ಕೊಡಿ. ಇದನ್ನು ಮಾಡಿದವರಿಗೆ ನಮ್ಮ ಕೆಲಸ ಚೆನ್ನಾಗಿ ಗೊತ್ತಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆವು.' ಕೆಳಗೆ ಫೋನ್ ನಂಬರ್ ಇತ್ತು.

೨, ಇನ್ನೊಂದು ಸಲ

ಮೇಲ್ ಓದಿ ಅವಳು ಬಿಕ್ಕಿ ಬಿಕ್ಕಿ ಅತ್ತಳು ಎಂದು ಬರೆದಿದ್ದೆ. ಅವಳು ತಿರುಗಿಬಿದ್ದಳು.

"ನಾನೆಲ್ಲಿ ಅತ್ತೆ? ಸುಮ್ನೆ ಇಲ್ಲದ್ದು ಬರೀಬೇಡಿ."

"ಮತ್ತೇನು ಮಾಡಿದ್ರಿ?"

"ಹೆದರಿದೆ. ನಾನು ಮರೆತು ಬಿಟ್ಟಿದ್ದ ಜಾಗದಲ್ಲಿ ಯಾರೋ ಸಂಸಾರ ಹೂಡಿದ್ದಾರೆ ಅಂದ್ರೆ ಹೆದರಿಕೆ ಆಗಲ್ವಾ?"

ಒಪ್ಪಿಕೊಂಡೆ. ಪಾತ್ರಗಳ ಜೊತೆ ವಾದಕ್ಕಿಳಿದು ಗೆದ್ದ ಲೇಖಕರನ್ನು ನಾನಂತೂ ಕಂಡಿಲ್ಲ.

೪

(ಮೂರನೆಯದರಲ್ಲಿ ಡಯಾಲಿಸಿಸ್ ಎಂದರೇನು ಎಂದು ಎರಡು ಪುಟ ಕೊರೆದಿದ್ದೆ. ಎಸೆದೆ. ಕಿಡ್ನಿ ಕೈಕೊಟ್ಟವರ ರಕ್ತವನ್ನು ವಾರಕ್ಕೆ ಮೂರು ಸಲ ಯಂತ್ರ ಶುದ್ಧಮಾಡಿ ಕೊಡುತ್ತದೆ. ತಪ್ಪಿಸಿದರೆ ಜೀವಕ್ಕೇ ಕುತ್ತು. ಇಷ್ಟು ಗೊತ್ತಿದ್ದರೆ ಸಾಕು.)

ಅವಳು ಫೋನ್ ಮಾಡಿದಳು.

"ನೋಡಿ ಮೇಡಂ," ಎಂದರು ಸಿಸ್ಟರ್, "ಹನ್ನೊಂದಕ್ಕೆ ಒಬ್ಬರಿಗೆ ಸೂಜಿ ಹಾಕ್ಬೇಕು ಅಂತಿಟ್ಕೊಳ್ಳಿ. ನಿಮ್ಮ ಗಂಟೆ ಹತ್ತು ಐವತ್ಮೂರಕ್ಕೇ ಹೊಡೀತಿತ್ತು. ಓಡಿ ಹೋದ್ರೆ ಮಷೀನು ಇನ್ನೂ ತೊಳ್ಕೋತಾ ಇರೋದು. ಅಷ್ಟಕ್ಕೆ ವಾಪಸ್ ಯಾಕೆ ಬರೋದು ಅಂತ ಅಲ್ಲೇ ಮಂಚದ ಪಕ್ಕ ಕೂತ್ಕೋತಿದ್ವಿ. ಕೂತ ಮೇಲೆ ಬಾಯಿ ಸುಮ್ನಿರುತ್ತಾ?"

"ಹಾಗಾದ್ರೆ ಶೀಟಲ್ಲೇ ಏಳು ನಿಮಿಷ ಮುಂಚೆ ಬರ್ಕೊಳ್ಳಿ ಸಿಸ್ಟರ್."

"ಬರ್ಕೊಂಡ್ವಿ. ಎರಡೇ ದಿನ. ಸೂಪರ್‌ವೈಸರ್ ಬಂದು, ಇಲ್ಲೆಲ್ಲ ಖಾಲಿ ಇದೆಯಲ್ಲಾ ಅಂತ ಲೆಕ್ಕ ಹಾಕಿ, ಇನ್ನೊಬ್ಬ ರೋಗಿನ ತೂರಿಸಿದ್ರು. ಶೀಟಲ್ಲಿ ಕಂಡ ಸಮಯ ನಮ್ಮದಲ್ಲ ಮೇಡಂ. ನಿಮ್ಮದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ."

ಆಮೇಲೆ ಸಿಸ್ಟರ್ ದನಿ ತಗ್ಗಿಸಿದರು. "ಟೇಲರ್ ಮಾಮ ಅಂತ ಒಬ್ಬರಿದ್ದಾರೆ. ಜೀವನವೆಲ್ಲ ಸೂಜಿ ಹಿಡಿದವರು, ಈ ಸೂಜಿ ಕಂಡ್ರೆ ಮಾತ್ರ ಗಡಗಡ ನಡುಗ್ತಾರೆ. ಮಾತಾಡ್ತಾ ಆಡ್ತಾ ತೋಳು ಸಡಿಲ ಬಿಡ್ತಿದ್ರು. ಈಗ ಹೋಗಿದ್ದೇ ಚುಚ್ತೀವಿ. ಎರಡು ವಾರ ಹಲ್ಲು ಕಚ್ಕೊಂಡು ಬಂದ್ರು. ಈ ಮಂಗಳವಾರ ಬರಲಿಲ್ಲ, ಗುರುವಾರನೂ ಇಲ್ಲ. ನಾಳೆನೂ ಬರ್ದಿದ್ರೆ ಅವರು ಉಳಿಯೋದು ಕಷ್ಟ."

೫

ಅವಳು ಆ ಹಳೆಯ ಸಾಲನ್ನು ಮತ್ತೆ ಬರೆದು ಒಪ್ಪಿಗೆಗಾಗಿ ಶೀಟಿನ ಕಂಪನಿಗೆ ಕಳಿಸಿದಳು. ಮೂರು ವರ್ಷ ಅದನ್ನು ಕಾಣದಿದ್ದ ಕಂಪನಿಗೆ ಈಗ ಕಂಡಿತು, ಸಂಜೆಗೇ ಉತ್ತರ ಬಂತು. 'ಬಳಕೆದಾರರು ಬರೆದ ಸಮಯಕ್ಕೂ ಗಂಟೆಗೂ ಏಳು ನಿಮಿಷದ ವ್ಯತ್ಯಾಸ ಕಂಡುಬಂದಿದೆ. ಇದರ ಉದ್ದೇಶವನ್ನು ಕೆಳಗಿನ ಚೌಕದಲ್ಲಿ ನೂರು ಅಕ್ಷರ ಮೀರದಂತೆ ವಿವರಿಸಿ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಸಮರ್ಪಕ ಉತ್ತರ ಬಾರದಿದ್ದರೆ ನಿಮ್ಮ ಆಡ್-ಆನ್ ಅನ್ನು ಎಲ್ಲ ಶೀಟುಗಳಿಂದ ತೆಗೆಯಲಾಗುವುದು.'

ಅಲ್ಲಿಯವರೆಗೆ ನಡೆಯುವಂಥ, ಏಳು ನಿಮಿಷವಿರುವ ಒಂದು ಪರೀಕ್ಷಾ ಆವೃತ್ತಿಯನ್ನು ವಾರ್ಡಿಗೆ ಕೊಡಲು ಅವಳಿಗೆ ಅವಕಾಶವಿತ್ತು. ಕೊಟ್ಟಳು. ಸಿಸ್ಟರ್ ಟೇಲರ್ ಮಾಮನ ಮನೆಗೆ ಫೋನ್ ಮಾಡಿ, ಹಳೇ ಗಂಟೆ ಬಂದಿದೆ, ನಾಳೆ ಬನ್ನಿ ಎಂದರು.

ಇನ್ನು ಉಳಿದಿದ್ದು ಆ ಚೌಕ. 'ಪೂರ್ವಸಿದ್ಧತೆಗಾಗಿ' ಎಂದು ಬರೆದಳು. ಹಾಗೆ ಬರೆದರೆ ಆ ಏಳು ನಿಮಿಷಕ್ಕೂ ಯಾರಾದರೂ ಒಂದು ಕೆಲಸ ಹಚ್ಚುತ್ತಾರೆ ಎಂದು ಅಳಿಸಿದಳು. 'ಬಿಡುವಿಗಾಗಿ.' ಸೂಪರ್‌ವೈಸರ್ ನೆನಪಾದರು. 'ತಪ್ಪಿನಿಂದ.' ಅದು ಸತ್ಯ, ಆದರೆ ತಪ್ಪಾದರೆ ತಿದ್ದಿ ಎಂದು ಕಂಪನಿ ಹೇಳುತ್ತದೆ.

(ನಾನೂ ಒಂದೆರಡು ಸಲಹೆ ಕೊಟ್ಟೆ. "ನಿಮ್ಮ ಕಥೆ ಭಾಷೆ ಇಲ್ಲಿ ಬೇಡ" ಎಂದಳು.)

ಆಗ ಅವಳು ಮಾಡಿದ ಒಂದು ಕೆಲಸವನ್ನು ಹೇಳಲೇಬೇಕು. ಕರೆಗಂಟೆ ಎಷ್ಟು ಶೀಟುಗಳಲ್ಲಿದೆ ಎಂದು ತೆರೆದು ನೋಡಿದಳು. ನಾಲ್ಕು ಸಾವಿರದ ನೂರ ಹನ್ನೆರಡು. ಆ ಅಂಕಿಯನ್ನು ಅವಳು ಮೊದಲೂ ನೋಡಿದ್ದಳು, ಹೆಮ್ಮೆಪಟ್ಟಿದ್ದಳು. ಇವತ್ತು ಅದು ಅಷ್ಟೊಂದು ಕೋಣೆಗಳಾಗಿ ಕಂಡಿತು. ಮೂರು ವರ್ಷ, ದಿನಾ, ತಾನು ಕಾಣದ ಊರುಗಳಲ್ಲಿ, ಯಾರದೋ ಪಕ್ಕ ಯಾರೋ ಏಳು ನಿಮಿಷ ಸುಮ್ಮನೆ ನಿಂತಿದ್ದಾರೆ, ಕೂತಿದ್ದಾರೆ. ಅಲ್ಲಿ ಏನೇನು ನಡೆದಿದೆಯೋ, ದೇವರಿಗೇ ಗೊತ್ತು. ಇಷ್ಟು ದೊಡ್ಡದು ತನ್ನ ಕೈಯಿಂದ ಆಗಿದೆ, ಅದೂ ತಾನು ಗಮನ ಕೊಡದೇ ಇದ್ದದ್ದರಿಂದ ಎಂದು ಬೆರಗಾಗಿ, ಕೀಬೋರ್ಡಿನಿಂದ ಕೈ ತೆಗೆದುಬಿಟ್ಟಳು.

೬

ಶನಿವಾರ ಹತ್ತೂವರೆ. ಅವಳು ಮತ್ತೆ ಸಿಸ್ಟರ್‌ಗೆ ಫೋನ್ ಮಾಡಿದಳು.

"ಉದ್ದೇಶ ಏನು ಅಂತ ಬರೀಲಿ, ನೀವೇ ಹೇಳಿ ಸಿಸ್ಟರ್."

"ಅದನ್ನ ಹೇಳಕ್ಕೆ ನನಗೆಲ್ಲಿ ಬರುತ್ತೆ? ಮಾಮ ಬಂದಿದ್ದಾರೆ. ಅವರನ್ನ ಕೇಳ್ಬಿಟ್ಟು ಫೋನು ಪಕ್ಕದಲ್ಲಿಡ್ತೀನಿ. ಕೇಳಿಸ್ಕೊಂಡು ನೀವೇ ಬರ್ಕೊಳ್ಳಿ."

ಮಾಮ ಹೂಂ ಅಂದರಂತೆ. ಹತ್ತು ಐವತ್ಮೂರಕ್ಕೆ ಗಂಟೆ ಹೊಡೆಯಿತು. ಸ್ಟೂಲು ಎಳೆದ ಸದ್ದು.

"ಯಾಕೆ ಮಾಮ ಎರಡು ಸಲ ಬರಲಿಲ್ಲ?"

"ಕೆಲಸ ಇತ್ತಮ್ಮ."

"ಸುಳ್ಳು."

"ಹೂಂ. ಸುಳ್ಳೇ."

ಇಬ್ಬರೂ ನಕ್ಕರು. "ನಿನ್ನ ಈ ತೋಳು ಹೊಲ್ದಿದ್ದು ಯಾರಮ್ಮ? ಎಡಗಡೆ ಎತ್ತಿದೆ."

"ರೆಡಿಮೇಡ್ ಮಾಮ."

"ಅದಕ್ಕೇ."

ಹಿಂದೆ ಯಂತ್ರ ತೊಳೆದುಕೊಳ್ಳುತ್ತಿತ್ತು. ಸಿಸ್ಟರ್ ತಮ್ಮ ಬಸ್ಸಿನ ಗೋಳು ಹೇಳಿದರು. ಮಾಮ ತಮ್ಮ ಮೊಮ್ಮಗಳಿಗೆ ಕೋಪ ಬಂದರೆ ಹೇಗೆ ಕಾಣುತ್ತಾಳೆ ಎಂದು ವರ್ಣಿಸಿದರು.

"ಹಾಕ್ಲಾ ಮಾಮ?"

"ಇನ್ನೂ ಎಷ್ಟಿದೆ?"

"ಎರಡು ನಿಮಿಷ."

"ಹಾಗಾದ್ರೆ ಇರು."

ಇದ್ದರು. ಯಾರೂ ಮಾತಾಡಲಿಲ್ಲ. ಮೂರನೇ ಮಹಡಿಯಲ್ಲಿ ಅವಳು ಫೋನನ್ನು ಕಿವಿಗೊತ್ತಿಕೊಂಡಿದ್ದಳು. (ಈ ಎರಡು ನಿಮಿಷವನ್ನು ಬರೆಯಲು ನನಗೆ ಬರುವುದಿಲ್ಲ. ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕೂ ಸಲ ಏನೋ ಹೆಚ್ಚಾಯಿತು.)

"ಹಾಕಮ್ಮ ಈಗ" ಎಂದರು ಮಾಮ.

ಸ್ವಲ್ಪ ಹೊತ್ತಾದ ಮೇಲೆ ಸಿಸ್ಟರ್ ಫೋನ್ ಎತ್ತಿಕೊಂಡರು. "ಹಾಂ ಮೇಡಂ, ಇಷ್ಟೇ. ಬರ್ಕೊಂಡ್ರಾ?"

೭

ಮುಕ್ತಾಯ ಒಂದು: ಅವಳು ಬರೆದಳು, ಕಂಪನಿ ಒಪ್ಪಿತು, ಮಾಮ ಪ್ರತಿ ಸರದಿಗೂ ಬಂದರು.

ಮುಕ್ತಾಯ ಎರಡು: ಕಂಪನಿ ಒಪ್ಪಲಿಲ್ಲ. ನಾಲ್ಕು ಸಾವಿರದ ನೂರ ಹನ್ನೆರಡು ಕೋಣೆಗಳಲ್ಲಿ ಗಂಟೆ ನಿಂತಿತು. ಮಂಗಳವಾರ ಒಂದು ಮಂಚ ಖಾಲಿ ಇತ್ತು.

ಎರಡನ್ನೂ ಅವಳ ಮುಂದಿಟ್ಟೆ. ಅವಳು ಓದಲಿಲ್ಲ.

"ಗಂಟೆ ಎಷ್ಟಾಯ್ತು?" ಎಂದಳು.

"ಹನ್ನೊಂದೂ ಹತ್ತು."

"ಹನ್ನೆರಡಕ್ಕೆ ಇನ್ನೂ ಐವತ್ತು ನಿಮಿಷ ಇದೆ. ನಿಮಗ್ಯಾಕೆ ಅವಸರ? ಮುಗ್ಸಿ ಎಲ್ಲಿಗೆ ಹೋಗ್ಬೇಕು?"

ಚೌಕ ಇನ್ನೂ ಖಾಲಿ ಇದೆ, ಅವಳು ಅದನ್ನೇ ನೋಡುತ್ತಿದ್ದಾಳೆ. ಊಟದ ಮೇಜಿನ ಆಚೆಗಿದ್ದ ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕೂತೆ. ನಿಮಗೆ ಪುರುಸೊತ್ತಿದ್ದರೆ ನೀವೂ ಕೂತುಕೊಳ್ಳಿ. ಏನೂ ಮಾತಾಡಬೇಡಿ.